ಐದನೆಯ ಮನೆ

“ಈ ಮನೆ ಬಾಗಿಲು ಒಳಗೆ ತೆರೀತಿತ್ತೋ, ಹೊರಗೋ?” ದರ್ಜಿಯ ಅಂಗಡಿಯಲ್ಲಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ತಾನು ಬರೆದ ಚಿತ್ರ ಹರಡಿ, ಅವಳು ಯಾರ ಮುಖವನ್ನೂ ನೋಡದೆ ಕೇಳಿದಳು. ಹಾಳೆಯ ತುಂಬ ಕಪ್ಪು ಶಾಯಿಯಲ್ಲಿ ಹಳೆಯ ಓಣಿ ಎದ್ದು ನಿಂತಿತ್ತು. ಒಂದೊಂದು ಹೆಂಚಿಗೂ ಗೆರೆ, ಒಂದೊಂದು ಕಿಟಕಿ ಸರಳಿಗೂ ನೆರಳು. ಒಂಬತ್ತು ಮನೆಗಳಲ್ಲಿ ಐದನೆಯದರ ಜಾಗ ಮಾತ್ರ ಬೆಳ್ಳಗಿತ್ತು. ಅದು ದರ್ಜಿಯ ಮನೆ.

ಆರು ವರ್ಷದ ಹಿಂದೆ, ಆರ್ಕಿಟೆಕ್ಟ್ ಆಗಿದ್ದಾಗ, ಆ ಓಣಿಯನ್ನು ಕೆಡವುವ ನಕ್ಷೆಗೆ ಸಹಿ ಹಾಕಿದವಳು ಅವಳೇ. ಆಮೇಲೆ ಆ ಕೆಲಸ ಬಿಟ್ಟು, ಕೆಡವಿಸಿದ್ದನ್ನೆಲ್ಲ ಪೆನ್ನಿನಲ್ಲಿ ಕಟ್ಟುತ್ತ ಕೂತಳು. ಐದನೆಯ ಮನೆಯ ಉದ್ದಗಲ ಇಂಚಿಂಚೂ ನೆನಪಿತ್ತು. ಅದರ ಮುಖ ನೆನಪಿರಲಿಲ್ಲ.

“ಅಳತೆ ಹಿಡಿದೋರು ನೀವೇ ಅಲ್ವಾ ಮೇಡಂ?” ದರ್ಜಿ ಹೊಲಿಗೆ ಯಂತ್ರ ನಿಲ್ಲಿಸದೆಯೇ ಅಂದ. “ಅಳತೆ ನಾನೂ ತಗೋತೀನಿ. ಮೈಮೇಲಿರೋದನ್ನ ಬಿಚ್ಚಿಸ್ಕೊಂಡು ಯಾರನ್ನೂ ಬೀದಿಗೆ ಕಳಿಸಲ್ಲ, ಅಷ್ಟೇ.”

ಗುಂಡಿ ಹಚ್ಚುತ್ತಿದ್ದ ಅವನ ಹೆಂಡತಿ ಹಾಳೆಯ ಮೇಲೆ ಬಗ್ಗಿದಳು. “ರೀ, ಬನ್ನಿ ಇಲ್ಲಿ. ಅಕ್ಕಪಕ್ಕದೋರೆಲ್ಲ ಇದ್ದಾರೆ, ನಾವೊಬ್ರೇ ಇಲ್ಲ. ಹೇಳಿಬಿಡಿ, ಪಾಪ, ಎಷ್ಟು ಚೆಂದ ಬರೆದಿದ್ದಾರೆ.”

“ಮುಂದಿನ ವಾರ ಪ್ರದರ್ಶನ ಇದೆ ಅಣ್ಣಾ,” ಎಂದು ಚಿತ್ರ ತಂದವಳು ಪೆನ್ನಿನ ಮುಚ್ಚಳ ತೆಗೆದಳು. “ನಿಮ್ಮ ಮನೆ ಇಲ್ಲದೆ ಇದು ಮುಗಿಯಲ್ಲ, ನನಗೂ ನೆಮ್ಮದಿ ಇಲ್ಲ. ನೀವು ಹೇಳ್ತಾ ಹೋಗಿ, ನಾನು ಬರೀತೀನಿ.”

ಯಂತ್ರ ನಿಂತಿತು. “ಹೊಸಿಲಿಂದ ಹಿಡಿದು ಹಿತ್ತಲವರೆಗೂ ಎಲ್ಲಾ ಕಣ್ಣಿಗೆ ಕಟ್ಟಿದ ಹಾಗಿದೆ,” ಎಂದ ದರ್ಜಿ. “ಯಾರು ಕೇಳಿದ್ರೂ ಹೇಳ್ತೀನಿ. ನಿಮಗೆ ಹೇಳಲ್ಲ.”