ಚಕ್ಕುಲಿ ಹಾಕಿದ ಕರಿ ಬಟ್ಟಲು

ಒಲೆಯ ಪಕ್ಕ ಪ್ಲಾಸ್ಟಿಕ್ ಡಬ್ಬಿ ಬಿಸಿಗೆ ಮೆತ್ತಗಾದ ವಾಸನೆ ಬಂದರೆ, ದೊಡ್ಡಬಳ್ಳಾಪುರದ ನಮ್ಮ ಮನೆಯ ಆ ಮಧ್ಯಾಹ್ನ ಇವತ್ತಿಗೂ ಕಣ್ಣಿಗೆ ಕಟ್ಟುತ್ತದೆ.

ಚಿಕ್ಕಪ್ಪ ಬೆಂಗಳೂರಿನ ದಂಡು ಪ್ರದೇಶದಲ್ಲಿ ಜಾಝ್ ಬ್ಯಾಂಡು ಕೇಳಿ ಬಂದು, ಸಂಬಳದಲ್ಲಿ ಅದೇ ಸಂಗೀತದ ರೆಕಾರ್ಡು ಕೊಳ್ಳುತ್ತಿದ್ದ. ಅಂಗೈ ತಾಗಿಸದೆ, ಅಂಚು ಹಿಡಿದು ಪ್ಲೇಯರಿನ ಮೇಲಿಡುತ್ತಿದ್ದ. “ಮಗ್ಗದ ಸದ್ದು ಸಾಲ್ದೂಂತ ಇದು ಬೇರೆ,” ಎಂದು ಅಜ್ಜಿ ಗೊಣಗುತ್ತಿದ್ದಳು.

ಅವತ್ತು ಅವನಿಗೆ ಹೆಣ್ಣು ಕೊಡುವವರು ಮನೆ ನೋಡಲು ಬರುವವರಿದ್ದರು. ಅವನು ಬಾಳೆಹಣ್ಣು ತರಲು ಹೋದಾಗ ಅಜ್ಜಿ ಅವನದೊಂದು ರೆಕಾರ್ಡನ್ನು ಹಂಡೆಯ ಕುದಿನೀರಲ್ಲಿ ಅದ್ದಿ, ಬೋರಲು ಹಾಕಿದ ಪಾತ್ರೆಯ ಮೇಲೆ ಒತ್ತಿದಳು. ಅಂಚು ನೆರಿಗೆ ನೆರಿಗೆಯಾಗಿ ಇಳಿಯಿತು. ಆಗ ಅಂಥ ಬಟ್ಟಲು ಎಲ್ಲರ ಮನೆಯಲ್ಲೂ ಇತ್ತು, ಹಾಳಾದ ರೆಕಾರ್ಡಿನದು.

ಬಂದವರೆದುರು ಅಜ್ಜಿ ಚಕ್ಕುಲಿ ತುಂಬಿದ ಬಟ್ಟಲನ್ನು ಮೊದಲು ಚಿಕ್ಕಪ್ಪನಿಗೇ ಹಿಡಿದಳು. “ತಗೋಳಪ್ಪಾ.” ಚಕ್ಕುಲಿಯ ಸಂದಿಯಲ್ಲಿ ತನ್ನ ರೆಕಾರ್ಡಿನ ಕೆಂಪು ಲೇಬಲ್ಲು ಕಂಡು ಅವನ ಮುಖ ಬಿಳಿಚಿತು. ಅವರೆದುರು ಬಾಯಿ ಬಿಡುವಂತಿರಲಿಲ್ಲ. ಒಂದು ಚಕ್ಕುಲಿ ಮುರಿದು ಬಾಯಿಗಿಟ್ಟ.

“ಬಟ್ಟಲು ಎಷ್ಟು ಚೆನ್ನಾಗೈತೆ! ನಮ್ ಹುಡ್ಗೀಗೂ ಕಲ್ಸಿಕೊಡಿ,” ಎಂದರು ಹುಡುಗಿಯ ತಾಯಿ.

“ಅದಕ್ಕೇನಮ್ಮಾ, ಮದ್ವೆಯಾಗಿ ಬರ್ಲಿ,” ಎಂದು ಅಜ್ಜಿ ನಕ್ಕಳು. “ಒಳಗೆ ಪೆಟ್ಟಿಗೆ ತುಂಬಾ ರೆಕಾರ್ಡು ಅವೆ.”