ಐದನೇ ಎಸಳು

ಕಂಪ್ಯೂಟರಿಗೆ ಜೋಡಿಸಿದ್ದ ಕಾಗದ ಕತ್ತರಿಸುವ ಮಿಷನ್ನಿನ ಗರಗರ ನಿಂತದ್ದೇ ತಡ, ಅತ್ತೆ ಎಡಗೈಯಿಂದ, ಕಾಗದ ಜಾರದಂತೆ ಹಿಡಿದಿಡುವ ಅಂಟು ಹಲಗೆಯ ಮೇಲಿನ ಮೊದಲ ಕಾಗದದ ಹೂವನ್ನು ಬಿಡಿಸಿ ಬೆಳಕಿಗೆ ಹಿಡಿದರು. ನಾಲ್ಕು ಎಸಳು ಅಚ್ಚುಕಟ್ಟಾಗಿದ್ದವು, ಐದನೆಯದು ಗಿಡ್ಡ.

"ಹೊಗಳಿದ್ದೇ ಹೊಗಳಿದ್ದು ನಿನ್ನ ಮಿಷನ್ನನ್ನ! ನೋಡಿಲ್ಲಿ, ಇದಕ್ಕೂ ನನ್ನ ಹಾಗೇ ಕೈ ನಡುಗುತ್ತೆ" ಎಂದು ಸೊಸೆಗೆ ಚುಚ್ಚಿದರು. ಮಾತೇನೋ ಜೋರಾಗಿತ್ತು, ಬಲಗೈ ಮಾತ್ರ ಶಾಲಿನೊಳಗೇ ಇತ್ತು. ಮೂವತ್ತು ವರ್ಷ ಶುಭಾಶಯದ ಕಾರ್ಡುಗಳಿಗೆ ಹೂ ಕತ್ತರಿಸಿದ ಕೈ ಅದು. ನಡುಕ ಶುರುವಾದಂದಿನಿಂದ ಅವರು ಅದನ್ನು ಯಾರ ಕಣ್ಣಿಗೂ ಬೀಳಿಸುತ್ತಿರಲಿಲ್ಲ.

ಸೊಸೆ ಹಳೆಯ ಕಾರ್ಡೊಂದನ್ನು ಮುಂದಿಟ್ಟಳು. ಅವಳ ಮದುವೆಗೆಂದು ಅತ್ತೆಯೇ ಮಾಡಿದ್ದ ಕಾರ್ಡು. "ಈ ಹೂವನ್ನೇ ಸ್ಕ್ಯಾನ್ ಮಾಡಿ ಹಾಕಿದೆ ಅತ್ತೆ. ಎಸಳು ಸರಿ ಮಾಡಲಾ ಅಂತ ಕಂಪ್ಯೂಟರ್ ಕೇಳ್ತು. ಮುಟ್ಟಬೇಡ ಅಂದೆ."

ಅತ್ತೆ ಹೊಸ ಹೂವನ್ನು ಹಳೆಯದರ ಮೇಲಿಟ್ಟರು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಗಿಡ್ಡ ಎಸಳಿನ ಅಂಚನ್ನು ಎಡಗೈ ಬೆರಳಿಂದ ಸವರಿದರು.

"ಆಗ ನನ್ನ ಕೈ ನಡುಗಿದ್ದಲ್ಲ ಕಣೇ" ಎಂದರು. "ಮದುವೆ ಗಡಿಬಿಡೀಲಿ ನಿನ್ನ ಗಂಡ ಬಂದು ಮೊಣಕೈಗೆ ಗುದ್ದಿದ್ದ."

ಹಾಗೆನ್ನುತ್ತ ಸ್ಟೂಲನ್ನು ಮಿಷನ್ನಿನ ಹತ್ತಿರಕ್ಕೆ ಎಳೆದುಕೊಂಡು, ಶಾಲಿನಿಂದ ಬಲಗೈ ಹೊರತೆಗೆದು, ನಡುಗುವ ಬೆರಳುಗಳಿಂದಲೇ ಎರಡನೇ ಹೂವನ್ನು ಬಿಡಿಸತೊಡಗಿದರು.