ಸರೋಜಾ ಟೀಚರ್ ಕಲಿಸಿದ್ದು

ಊರನ್ನು ಮುಚ್ಚಿದ ಗಾಜಿನ ಚಾವಣಿ ದೊಡ್ಡವರ ಭಾರ ತಾಳುವುದಿಲ್ಲ. ಅದರ ಮೇಲಿನ ಧೂಳು ಗುಡಿಸಲು ಆರು ವರ್ಷದ ಮಕ್ಕಳೇ ಹತ್ತಬೇಕು. ಹೊರಗಿನ ಗಾಳಿ ಕುಡಿದ ಮಕ್ಕಳು ಹತ್ತರ ವಯಸ್ಸು ಕಾಣುವುದಿಲ್ಲ.

ಹೋಗುವಾಗ ಅಳಬಾರದೆಂದು ಅಂಗನವಾಡಿಯಲ್ಲಿ ಸರೋಜಾ ಟೀಚರ್ ಮಕ್ಕಳಿಗೆ ಮೂರನೇ ವಯಸ್ಸಿನಿಂದಲೇ ಹಗ್ಗ ಹತ್ತಿಸುತ್ತಾಳೆ, ಹೊರಗಿನ ಬಿಸಿಲು ಬಯಲುಗಳ ಹಾಡು ಕಲಿಸುತ್ತಾಳೆ. ಮನೆಗೆ ಬಂದ ಮೇಲೆ ಅಲ್ಲೇ ಕಲಿಯುವ ತನ್ನ ಆರು ವರ್ಷದ ಮಗಳು ನೀಲಾಳಿಗೆ ಮಾತ್ರ, "ಹೊರಗ ಗುಮ್ಮ ಐತಿ, ಸಾಹೇಬರು ಕೇಳಿದ್ರ ಕೈ ಎತ್ತಬ್ಯಾಡ" ಎನ್ನುತ್ತಾಳೆ.

ಇವತ್ತು ಮಕ್ಕಳನ್ನು ಆರಿಸುವ ಸಾಹೇಬರು ಅಂಗನವಾಡಿಗೆ ಬಂದು, "ಈ ಸಲ ಒಬ್ಬರು ಸಾಕು. ಯಾರ್ ಬರ್ತೀರಿ ಮ್ಯಾಲ?" ಎಂದು ಕೇಳಿದರು.

ಎಲ್ಲರಿಗಿಂತ ಮೊದಲು ನೀಲಾಳ ಕೈ ಮೇಲೆದ್ದಿತು. ಸರೋಜಾ ಅವಳತ್ತ ಬಾಗಿ ಮೆಲ್ಲಗೆ, "ನಿಮ್ಮವ್ವ ಏನ್ ಹೇಳ್ಯಾಳ?" ಎಂದಳು.

"ಅವ್ವ ಸುಳ್ಳ ಹೇಳ್ತಾಳ್ರೀ ಟೀಚರ್," ನೀಲಾ ನಕ್ಕಳು. "ನೀವ್ ಹೇಳೂದ ಖರೆ."